ಸೂಜಿಯ ತುದಿಯಲ್ಲೊಂದು ವಜ್ರ

ಉತ್ತರ ಬೆಂಗಳೂರು ಎಂದರೆ ಯಶವಂತಪುರದ ರೈಲು, ಹೆಬ್ಬಾಳದ ಮೇಲ್ಸೇತುವೆ, ಯಲಹಂಕ ದಾಟಿದರೆ ವಿಮಾನ ನಿಲ್ದಾಣ ಎಂದಷ್ಟೇ ಹಲವರ ಎಣಿಕೆ. ಆದರೆ ಕೂದಲೆಳೆಗಿಂತ ಸಣ್ಣದನ್ನೂ ಅಳೆದು ನೋಡುವ ವಿದ್ಯೆ ಬೆಳೆದ ನೆಲವೂ ಇದೇ. ಅಟ್ಟದ ಮೇಲಿನ ಹಳೆಯ ರೆಕಾರ್ಡ್ ಪ್ಲೇಯರನ್ನು ಕೆಳಗಿಳಿಸಿ ಮತ್ತೆ ಹಾಡಿಸಬೇಕೆನ್ನುವ ಮನೆಯವರು ಮಕ್ಕಳೊಂದಿಗೆ ಈ ದಾರಿಯಲ್ಲಿ ಒಂದು ಸುತ್ತು ಹಾಕಿ ಬರಬಹುದು.

ಮೊದಲು ಜಾಲಹಳ್ಳಿ. 1953ರಲ್ಲಿ ಆರಂಭವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಇಲ್ಲಿ ಕೈಗಡಿಯಾರ ತಯಾರಿಕೆಗೆ ಕೈಹಾಕಿತು. ಎಚ್‌ಎಂಟಿ ವಾಚಸ್ ಕಂಪನಿ 2016ರಲ್ಲಿ ಮುಚ್ಚಿದರೂ ಆ ಕಥೆಯನ್ನು ಹೇಳುವ ವಸ್ತುಸಂಗ್ರಹಾಲಯ ಇಲ್ಲಿದೆ. ಗಡಿಯಾರದ ಪುಟ್ಟ ಚಕ್ರ ಕೆಂಪು ಹರಳಿನ ಕುಳಿಯಲ್ಲಿ ಘರ್ಷಣೆಯಿಲ್ಲದೆ ತಿರುಗಬೇಕು. ರೆಕಾರ್ಡ್ ಪ್ಲೇಯರಿನ ತೋಳೂ ಅಷ್ಟೇ ಹಗುರವಾಗಿ ಆಡಬೇಕು.

ಅಲ್ಲಿಂದ ಯಶವಂತಪುರಕ್ಕೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ಪಕ್ಕದ ಸಿ.ವಿ. ರಾಮನ್ ರಸ್ತೆ ಹಿಡಿದರೆ ಮೇಖ್ರಿ ವೃತ್ತ. ಸಮೀಪದಲ್ಲೇ 1948ರಲ್ಲಿ ರಾಮನ್ ಸ್ಥಾಪಿಸಿದ ಸಂಶೋಧನಾ ಸಂಸ್ಥೆ. ಪಿಟೀಲಿನ ತಂತಿ, ಮೃದಂಗ, ತಬಲಾಗಳ ನಾದವನ್ನು ಅಳೆದ ಈ ವಿಜ್ಞಾನಿಗೆ ವಜ್ರಗಳ ಮೇಲೂ ಅಪಾರ ಮೋಹ. ಅವರು ಕೂಡಿಟ್ಟ ಹರಳುಗಳು ಇಲ್ಲಿನ ಸಂಗ್ರಹಾಲಯದಲ್ಲಿವೆ. ಮುಂಚಿತವಾಗಿ ಅನುಮತಿ ಕೇಳಿ ಹೋಗುವುದು ಲೇಸು.

ನಾದವೂ ವಜ್ರವೂ ಕೂಡುವ ಜಾಗ ರೆಕಾರ್ಡ್ ಪ್ಲೇಯರಿನ ಸೂಜಿ. ಅದರ ತುದಿಯ ವಜ್ರ ಎಲ್‌ಪಿ ತಟ್ಟೆಯ ಗೀರಿನಲ್ಲಿ ಓಡುತ್ತದೆ. ಗೀರಿನ ಎರಡು ಗೋಡೆಗಳಲ್ಲಿ ಎಡ, ಬಲ ಕಿವಿಗಳ ಧ್ವನಿ ಬೇರೆಬೇರೆಯಾಗಿ ಕೊರೆದಿರುತ್ತದೆ. ಸೂಜಿಯ ಅದಿರಾಟವನ್ನು ಕಾರ್ಟ್ರಿಜ್ ವಿದ್ಯುತ್ತಾಗಿ ಬದಲಿಸುತ್ತದೆ.

ಹಿಂದೆ ಹಾಡು ಎಗರಿದರೆ ತೋಳಿನ ತಲೆಯ ಮೇಲೆ ನಾಲ್ಕಾಣೆ ಇಡುವುದು ಅನೇಕ ಮನೆಗಳ ರೂಢಿ. ಆ ನಾಣ್ಯದ ತೂಕ ಸುಮಾರು 2.5 ಗ್ರಾಂ. ಇಂದಿನ ಸಾಮಾನ್ಯ ಕಾರ್ಟ್ರಿಜ್‌ಗೆ ಬೇಕಾದ ಭಾರವೇ 1.5ರಿಂದ 2.5 ಗ್ರಾಂ! ಹಾಗೆಂದು ತೀರಾ ಹಗುರ ಮಾಡಿದರೂ ಕ್ಷೇಮವಲ್ಲ. ಹಿಡಿತ ತಪ್ಪಿದ ಸೂಜಿ ಗೀರಿನ ಗೋಡೆಗಳಿಗೆ ಬಡಿದು, ಭಾರದ ಸೂಜಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ಆದ್ದರಿಂದ ತಯಾರಕರು ಹೇಳಿದ ತೂಕವನ್ನು ಪುಟ್ಟ ತಕ್ಕಡಿಯಲ್ಲಿ ಅಳೆದೇ ಇಡಬೇಕು.

ತೂಕದ ನಂತರ ಕೋನ. ಅಳತೆಯ ಗುರುತುಗಳಿರುವ ಕಾಗದವನ್ನು ತಟ್ಟೆಯ ಜಾಗದಲ್ಲಿಟ್ಟು, ಕಾರ್ಟ್ರಿಜ್ ಗೆರೆಗಳಿಗೆ ನೇರವಾಗಿ ನಿಲ್ಲುವಂತೆ ತಿರುಪು ಬಿಗಿಯಬೇಕು. ಮುಂದಿನಿಂದ ನೋಡಿದಾಗ ಸೂಜಿ ಯಾವ ಪಕ್ಕಕ್ಕೂ ವಾಲಿರಬಾರದು. ಓಡುವ ಗೀರು ತೋಳನ್ನು ಒಳಕ್ಕೆ ಸೆಳೆಯುತ್ತದೆ. ಅದನ್ನು ಸರಿದೂಗಿಸುವ ಗುಂಡಿ ಕೊನೆಯಲ್ಲಿ.

ಪರೀಕ್ಷೆಗೆ ತಟ್ಟೆಯ ಕೊನೆಯ ಹಾಡನ್ನೇ ಹಾಕಿ. ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡು ತೆಗೆದುಕೊಳ್ಳುತ್ತದೆ. ಅಂಚಿನಲ್ಲಿ ಗೀರು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸರಿದರೆ, ಒಳಗೆ ಬರೀ 20. ಅಲ್ಲಿ ಧ್ವನಿ ಇಕ್ಕಟ್ಟಾಗಿ ಕೂತಿರುತ್ತದೆ. ಕೋನ ತಪ್ಪಿದ್ದರೆ ‘ಸ’ಕಾರಗಳು ಒರಟಾಗಿ ಸೀಳುತ್ತವೆ. ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟರೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಪ್ರಯೋಗ ಬೇಡ.

ಇನ್ನೊಂದು ಎಚ್ಚರ. ಅಜ್ಜಿಯ ಪೆಟ್ಟಿಗೆಯಲ್ಲಿರುವ 78 ವೇಗದ ಅರಗಿನ ತಟ್ಟೆಗಳ ಗೀರು ಅಗಲ. ಅವಕ್ಕೆ ಬೇರೆಯದೇ ದಪ್ಪ ಸೂಜಿ ಬೇಕು.

ಸವೆದ ಸೂಜಿಯನ್ನು ಬದಲಿಸಬಹುದು. ಸವೆದ ಗೀರಿಗೆ ಬದಲಿಯಿಲ್ಲ. ಎಷ್ಟೋ ಹಾಡುಗಾರರ ದನಿ ಮರುಮುದ್ರಣವಾಗದೆ ಈ ತಟ್ಟೆಗಳಲ್ಲಷ್ಟೇ ಉಳಿದಿದೆ. ಜಾಲಹಳ್ಳಿಯ ಕುಶಲಕರ್ಮಿಗಳ ತಾಳ್ಮೆಯಲ್ಲಿ ಕಾಲುಪಾಲಷ್ಟನ್ನಾದರೂ ಮನೆಗೆ ತಂದರೆ ಆ ದನಿ ಮೊಮ್ಮಕ್ಕಳಿಗೂ ಕೇಳಿಸೀತು.