ನೆರಳಿಲ್ಲದ ಅಶೋಕ

ಹೋದ ಫಾಲ್ಗುಣದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಶಿರಸಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಅಡಿಕೆ ತೋಟದ ಕೆಳಗೆ ಹಳ್ಳ. ಅದರ ದಂಡೆಯಲ್ಲಿ ಒಂದು ಮರ ಮೈತುಂಬ ಕೆಂಡದ ಬಣ್ಣದ ಹೂಗೊಂಚಲು ಹೊತ್ತು ನಿಂತಿತ್ತು.

“ಇದ್ಯಾವ ಮರ ಅಜ್ಜ?” ಎಂದಳು. ನನಗೂ ಗೊತ್ತಿರಲಿಲ್ಲ. ಭಾವ ನಕ್ಕರು. “ಇದೇ ಅಶೋಕ, ಮೇಷ್ಟ್ರೇ! ಸೀತೆಯ ಅಶೋಕ.”

ಬಯಲುಸೀಮೆಯ ಶಾಲೆಯಲ್ಲಿ 30 ವರ್ಷ ಪಾಠ ಹೇಳಿದವನು ನಾನು. ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಂತ ಮರಗಳನ್ನು ತೋರಿಸಿ, “ಸೀತಮ್ಮ ಕೂತಿದ್ದು ಇಂಥ ಮರದ ಕೆಳಗೇ” ಎನ್ನುತ್ತಿದ್ದೆ. ಒಬ್ಬ ತರಲೆ ಹುಡುಗ, “ನೆರಳೇ ಇಲ್ವಲ್ಲ ಸಾರ್, ಹೆಂಗೆ ಕೂತ್ಲು?” ಎಂದಿದ್ದ. ಗದರಿಸಿ ಕೂರಿಸಿದ್ದೆ. ಪಾಪ, ಅವನು ಕೇಳಿದ್ದೇ ಸರಿ.

ಶಾಲೆಯ ಮರ ಸೀತಾಫಲದ ಬಳಗದ್ದು. ಅದರ ಹೂ ತೆಳು ಹಸಿರು, ಆರು ಸಪೂರ ಎಸಳಿನ ನಕ್ಷತ್ರ. ಎಲೆಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಕಪ್ಪು ಹಣ್ಣನ್ನು ಬಾವಲಿ ತಿಂದು ಬೀಜ ಹರಡುತ್ತದೆ. ಊರೂರಿನ ನರ್ಸರಿಯಲ್ಲೂ ಸಸಿ ಸಿಗುತ್ತದೆ. ಅದರ ಚಿಂತೆ ನಮಗೆ ಬೇಡ.

ಹಳ್ಳದ ಅಶೋಕ ಹುಣಸೆಯ ಬಳಗದ್ದು. ಅದರ ಹೂವಿಗೆ ಎಸಳೇ ಇಲ್ಲವಂತೆ! ನಾವು ಎಸಳೆಂದುಕೊಳ್ಳುವುದು ಬಣ್ಣ ಬಂದ ಪುಷ್ಪಪಾತ್ರೆ. ಅರಳಿದಾಗ ಹಳದಿ ಕೇಸರಿ, ಮಾಗಿದಂತೆ ಕೆಂಪು. ಚಿಗುರು ತಾಮ್ರದ ಬಣ್ಣದ್ದು, ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಮೊಮ್ಮಗಳು ಬಾಡಿದೆಯೆಂದೇ ತಿಳಿದು ನೀರು ಹಾಕಲು ಹೊರಟಿದ್ದಳು.

ಹಳ್ಳ ದಾಟಿದರೆ ಇನ್ನೊಂದು ಅಶೋಕ. ಅದು ಒಣಗಿ ನಿಂತಿತ್ತು. ಯಾರೋ ರಾತ್ರಿ ಬಂದು ಕಾಂಡದ ಸುತ್ತ ತೊಗಟೆ ಸುಲಿದಿದ್ದರು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದಲೇ; ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಹೆಂಗಸರಿಗೆ ಕೊಡುವ ಅಶೋಕಾರಿಷ್ಟಕ್ಕೆ ಈ ತೊಗಟೆ ಬೇಕು. ಕಾಡಿನ ಮರ ಕಡಿಮೆಯಾದ ಹಾಗೆ, ಶಾಲೆ ಮುಂದಿನ ಮರದ ತೊಗಟೆಯನ್ನೂ ಅದೇ ಹೆಸರಲ್ಲಿ ಬೆರೆಸಿ ಮಾರುವವರಿದ್ದಾರೆ. ನನ್ನ ತಪ್ಪು ಪಾಠಕ್ಕಿಂತ ಇದು ಕೆಟ್ಟದ್ದು. ಅಂತರರಾಷ್ಟ್ರೀಯ ಕೆಂಪು ಪಟ್ಟಿ 1998ರಲ್ಲೇ ಸೀತಾಶೋಕವನ್ನು ಅಳಿವಿನ ಭೀತಿಯಲ್ಲಿರುವ ಮರಗಳ ಸಾಲಿಗೆ ಸೇರಿಸಿದೆ.

ಮೊಮ್ಮಗಳು ಬೋಳು ಕಾಂಡವನ್ನು ಸವರುತ್ತ ಬಹಳ ಹೊತ್ತು ನಿಂತಳು.

ಮಳೆಗಾಲದಲ್ಲಿ ಕೋಡು ಬಲಿತಾಗ ಬೀಜ ಕಳಿಸುತ್ತೇನೆಂದು ಭಾವ ಹೇಳಿದ್ದಾರೆ. ಒಣಗುವ ಮೊದಲೇ ಬಿತ್ತಬೇಕಂತೆ. ನಮ್ಮ ಬಾವಿಕಟ್ಟೆಯ ಹಿಂದೆ, ಸದಾ ತೇವವಿರುವ ಕಡೆ, ಅವಳು ಈಗಲೇ ಒಂದು ಕಲ್ಲಿಟ್ಟು ಜಾಗ ಹಿಡಿದಿದ್ದಾಳೆ.