ಇಳಿದ ಜ್ವರ, ಇಳಿದ ಕೊಲೆಸ್ಟರಾಲ್

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಿತ್ತಿಲಲ್ಲಿ ಮಗುಚದೆ ಬಿಟ್ಟ ಬಕೆಟ್ಟು, ತೆಂಗಿನ ಚಿಪ್ಪು ಎಲ್ಲದರಲ್ಲೂ ಒಂದಿಷ್ಟು ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆಯ ಸಂಸಾರಕ್ಕೆ ಅಷ್ಟು ಧಾರಾಳ. ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲಿನಲ್ಲೇ ಕಚ್ಚುವ ಈ ಸೊಳ್ಳೆ ಡೆಂಗ್ಯೂ ತರುತ್ತದೆಂಬುದು ಈಗ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದೂ ನೆನಪಿರಬಹುದು. ಅದರ ಜೊತೆಗೇ 'ಪ್ಲೇಟ್ಲೆಟ್' ಎಂಬ ಶಬ್ದ ಮನೆಮಾತಾಗಿದೆ. "ಎಷ್ಟಿದೆಯಂತೆ?" ಎಂದರೆ ಸಾಕು, ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕ್ರಿಕೆಟ್ ಸ್ಕೋರಿನಂತೆ ಥಟ್ಟನೆ ಉತ್ತರ ಬರುತ್ತದೆ.

ಆ ಒಂದು ಸಂಖ್ಯೆಯ ಗದ್ದಲದಲ್ಲಿ ರಕ್ತ ಹೇಳುವ ಬೇರೆ ಮಾತುಗಳು ಕಿವಿಗೆ ಬೀಳುವುದಿಲ್ಲ. ಅಂಥದೊಂದು ಮಾತನ್ನು ನಾನು ಕೇಳಿದ್ದು ಅಕ್ಕನ ಮಗಳು ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದಾಗ.

ಎರಡನೇ ಪಿಯುಸಿಯ ಹುಡುಗಿ. ಅರ್ಧವಾರ್ಷಿಕ ಪರೀಕ್ಷೆಗೆ ವಾರವಷ್ಟೇ ಉಳಿದಿತ್ತು. ನಾಲ್ಕು ದಿನ 103 ಡಿಗ್ರಿ ಜ್ವರದಲ್ಲಿ ಬೆಂದವಳಿಗೆ ಐದನೆಯ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. "ಮಾವ, ನಾಳೆ ಮನೆಗೆ ಹೋಗ್ಬಹುದಾ? ಫಿಸಿಕ್ಸ್ ಏನೂ ಓದಿಲ್ಲ" ಎಂದಳು. ಅಷ್ಟರಲ್ಲಿ ರಕ್ತಪರೀಕ್ಷೆಯ ವರದಿ ಬಂತು. ಪ್ರಯೋಗಾಲಯದವರ 'ಪ್ಯಾಕೇಜ್'ನಲ್ಲಿ ಕೊಬ್ಬಿನ ಪರೀಕ್ಷೆಯೂ ಸೇರಿತ್ತು. ಹತ್ತು ವರ್ಷದಿಂದ ಕೊಲೆಸ್ಟರಾಲ್ ಮಾತ್ರೆ ನುಂಗುತ್ತಿರುವ ಭಾವನ ಕಣ್ಣು ನೇರ ಅಲ್ಲಿಗೇ ಹೋಯಿತು. "ನೋಡೋ, ಬರೀ 98! ಜನ್ಮದಲ್ಲಿ ನನಗೆ ಇಷ್ಟು ಬಂದದ್ದಿಲ್ಲ. ಜ್ವರದಿಂದ ಒಂದು ಉಪಕಾರ ಆಯ್ತು" ಎಂದರು. ಪ್ಲೇಟ್ಲೆಟ್ 62 ಸಾವಿರವಿತ್ತು. ಅದಕ್ಕೆ ಮಾತ್ರ ಎಲ್ಲರ ಮುಖ ಸಪ್ಪಗಾಯಿತು.

ಡಾಕ್ಟರಮ್ಮ ಬಂದು ವರದಿ ನೋಡಿ, "ಕೊಲೆಸ್ಟರಾಲ್ ಇಳಿದಿದೆ ಅಂತ ಖುಷಿ ಪಡಬೇಡಿ, ಜ್ವರ ಇಳಿದಿದೆ ಅಂತಲೂ ಖುಷಿ ಪಡಬೇಡಿ. ಇನ್ನೆರಡು ದಿನ ಹುಡುಗಿ ಇಲ್ಲೇ ಇರ್ಲಿ" ಎಂದರು. ಅವರು ಬೆರಳಿಟ್ಟು ತೋರಿಸಿದ್ದು ಇನ್ನೊಂದು ಸಾಲನ್ನು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ಮೊದಲ ದಿನ ಶೇಕಡಾ 36 ಇದ್ದದ್ದು ಆಗ 41 ಆಗಿತ್ತು. ಕುದಿಯುವ ಸಾಂಬಾರಿನ ನೀರು ಆರಿದರೆ ಉಳಿದದ್ದು ಮಂದವಾಗುವುದಿಲ್ಲವೇ? ಹಾಗೆಯೇ ರಕ್ತದ ನೀರು ನಾಳದಿಂದ ಹೊರಗೆ ಸೋರಿದರೆ ಕೆಂಪುಕಣಗಳ ಪಾಲು ಏರುತ್ತದೆ. ಮೊದಲಿನದಕ್ಕಿಂತ ಐದನೆಯ ಒಂದು ಪಾಲು ಏರಿದರೆ ಗಣನೀಯವಾಗಿ ಸೋರುತ್ತಿದೆ ಎಂದೇ ಲೆಕ್ಕ. ಡೆಂಗ್ಯೂವಿನಲ್ಲಿ ಈ ಸೋರಿಕೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ. ಹೆಚ್ಚಿನವರು ಏನೂ ಆಗದೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಆ ಇಪ್ಪತ್ನಾಲ್ಕರಿಂದ ನಲವತ್ತೆಂಟು ಗಂಟೆ ಪ್ರಾಣಕ್ಕೇ ಸಂಚಕಾರ.

ಇದರಲ್ಲಿ ಕೊಲೆಸ್ಟರಾಲ್ ಏಕೆ ಇಳಿಯಬೇಕು? ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಾಗಾಗಿ ದೇಹ ಅದನ್ನು ಪ್ರೋಟೀನಿನ ಗಾಡಿಗಳಲ್ಲಿ ಹೇರಿ ರಕ್ತದಲ್ಲಿ ಸಾಗಿಸುತ್ತದೆ. ವರದಿಯಲ್ಲಿ ಕಾಣುವ ಎಲ್‌ಡಿಎಲ್, ಎಚ್‌ಡಿಎಲ್ ಎಂಬುವು ಈ ಗಾಡಿಗಳ ಹೆಸರು. ಸೋಂಕು ತಗುಲಿದಾಗ ರಕ್ಷಣಾ ಕಣಗಳು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಅದರ ಫಲವೇ ಉರಿಯೂತ. ಆ ಸಂದೇಶ ಕೇಳಿದ ಯಕೃತ್ತು ತನ್ನ ನಿತ್ಯದ ಕೆಲಸ ಬದಲಿಸುತ್ತದೆ. ಈ ಎರಡು ಗಾಡಿಗಳೂ ಕಡಿಮೆಯಾಗುತ್ತವೆ, ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ಏರುತ್ತದೆ. ನಾಳ ಸೋರುವಾಗ ಒಂದಷ್ಟು ಗಾಡಿಗಳೂ ಅದರೊಡನೆ ಹೊರಟುಹೋಗುತ್ತವೆ. ವೈರಸ್ಸು ಕೂಡ ಜೀವಕೋಶದೊಳಗೆ ತನ್ನ ಸಂತಾನ ಬೆಳೆಸಲು ಕೋಶದ ಕೊಬ್ಬನ್ನೇ ಬಳಸಿಕೊಳ್ಳುತ್ತದೆ. ಡೆಂಗ್ಯೂ ತೀವ್ರವಾದ ಮಕ್ಕಳಲ್ಲಿ ಎಲ್‌ಡಿಎಲ್, ಎಚ್‌ಡಿಎಲ್ ಎರಡೂ ಕುಸಿಯುವುದನ್ನು ಇಂಡೊನೇಷ್ಯಾದ ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಭಾವ ಉಪಕಾರವೆಂದು ಬಗೆದದ್ದು ಉರಿಯೂತದ ಹೆಜ್ಜೆಗುರುತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಡೆಂಗ್ಯೂ ಪತ್ತೆಗೆ ಮೊದಲ ದಿನಗಳಲ್ಲಿ 'ಎನ್‌ಎಸ್1' ಪರೀಕ್ಷೆ ಮಾಡುತ್ತಾರಲ್ಲ, ಅದು ವೈರಸ್ಸಿನ ಒಂದು ಪ್ರೋಟೀನು. ಸೋಂಕು ತಗುಲಿದ ಕೋಶ ಅದನ್ನು ರಕ್ತಕ್ಕೆ ಬಿಡುತ್ತದೆ. ಆರು ಅಣುಗಳು ಸೇರಿ ಒಂದು ಪುಟ್ಟ ಪೀಪಾಯಿಯ ಆಕಾರ ತಾಳುತ್ತವೆ. ಪೀಪಾಯಿಯ ನಡುವೆ ತುಂಬಿರುವುದು ಕೊಬ್ಬು ಎಂಬುದನ್ನು 2011ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡರು. ಅಂದರೆ ನಮ್ಮ ಗಾಡಿಗಳ ನಡುವೆ ವೈರಸ್ಸೂ ತನ್ನದೊಂದು ಗಾಡಿ ಓಡಿಸುತ್ತದೆ! ಈ ಪ್ರೋಟೀನು ನಮ್ಮ ಕೋಶಗಳ ಮೇಲಿರುವ ಒಂದು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತದೆ ಎಂದು ಅಮೆರಿಕ ಮತ್ತು ಆಸ್ಟ್ರೇಲಿಯಾದ ಎರಡು ತಂಡಗಳು 2015ರಲ್ಲಿ ತೋರಿಸಿದವು. ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಕಂಡರೆ ಬಾರಿಸಲೆಂದು ಇರುವ ಗಂಟೆ. ಅದು ಮೊಳಗಿದಾಗ ಉರಿಯೂತ ಏಳುತ್ತದೆ, ರಕ್ತನಾಳದ ಒಳಗೋಡೆಯ ಕೋಶಗಳ ಬೆಸುಗೆ ಸಡಿಲವಾಗುತ್ತದೆ. 2022ರ ಇನ್ನೊಂದು ಅಧ್ಯಯನದಲ್ಲಿ ಎನ್‌ಎಸ್1 ನಮ್ಮ ಎಚ್‌ಡಿಎಲ್‌ಗೇ ಅಂಟಿಕೊಂಡು ಉರಿಯೂತದ ಸಂದೇಶ ಸಾಗಿಸುವುದು ಕಂಡುಬಂತು. 'ಒಳ್ಳೆಯ ಕೊಲೆಸ್ಟರಾಲ್' ಎಂದು ನಾವು ಹೊಗಳುವುದು ಇದೇ ಎಚ್‌ಡಿಎಲ್ ಅನ್ನು.

ಹಾಗಿದ್ದರೆ ಕೊಲೆಸ್ಟರಾಲ್ ಮಾತ್ರೆ ಕೊಟ್ಟರೆ ವೈರಸ್ಸಿಗೆ ಕೊಬ್ಬು ಸಿಗದಂತಾಗಿ ಉರಿಯೂತವೂ ತಗ್ಗಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ 300 ರೋಗಿಗಳ ಮೇಲೆ ಲೋವಾಸ್ಟಾಟಿನ್ ಪ್ರಯೋಗಿಸಿ ನೋಡಿದ್ದಾರೆ. 2016ರಲ್ಲಿ ಬಂದ ಫಲಿತಾಂಶದಲ್ಲಿ ಕಾಯಿಲೆಯ ಗತಿಯೇನೂ ಬದಲಾಗಿರಲಿಲ್ಲ. ಅದಕ್ಕೂ ಮೊದಲು ಅಲ್ಲಿಯೇ ಉರಿಯೂತ ತಗ್ಗಿಸುವ ಸ್ಟೆರಾಯ್ಡನ್ನು ಕೊಟ್ಟು ನೋಡಿದಾಗಲೂ ಲಾಭ ಕಾಣಲಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಮದ್ದು ಕೈಗೆ ಸಿಗುವುದಿಲ್ಲ.

ಮದ್ದಿಲ್ಲದ ಕಡೆ ಕಾವಲೇ ಮದ್ದು. ಆ ರಾತ್ರಿ ನಮ್ಮ ಹುಡುಗಿಗೆ ಹೊಟ್ಟೆನೋವು ಶುರುವಾಯಿತು. ಅಂಗಾಲು ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗೆ. ಪಿಸಿವಿ 44ಕ್ಕೆ ಏರಿತು. ಅಕ್ಕ ಬಾಯಿ ಬಿಡದೆ ಮಗಳ ಕಾಲು ತಿಕ್ಕುತ್ತ ಕೂತಳು. ಭಾವ ಮೊಬೈಲಿನಲ್ಲಿ ಪ್ಲೇಟ್ಲೆಟ್ ಕೊಡುವವರನ್ನು ಹುಡುಕಹೊರಟರೆ ಡಾಕ್ಟರಮ್ಮ, "ರಕ್ತಸ್ರಾವ ಇಲ್ಲ, ಈಗ ಅದು ಬೇಕಾಗಿಲ್ಲ. ಬೇಕಾಗಿರೋದು ನೀರು, ಅದೂ ಅಳತೆಯಲ್ಲಿ" ಎಂದರು. ಗಂಟೆಗಂಟೆಗೂ ನಾಡಿ, ರಕ್ತದೊತ್ತಡ, ಮೂತ್ರದ ಲೆಕ್ಕ ನೋಡಿ ಸಲೈನಿನ ಹನಿ ಹೆಚ್ಚು ಕಡಿಮೆ ಮಾಡುತ್ತಿದ್ದರು. ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಹೆಚ್ಚಾದರೆ, ಸೋರಿದ ನೀರು ನಾಳಕ್ಕೆ ಮರಳುವಾಗ ಶ್ವಾಸಕೋಶದಲ್ಲಿ ನೀರು ತುಂಬುವ ಭಯ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಗಾಲು ಬೆಚ್ಚಗಾಯಿತು. ಸಂಜೆ ಪಿಸಿವಿ 38ಕ್ಕೆ ಬಂತು. ಹುಡುಗಿ ಗಂಜಿಗೆ ಉಪ್ಪಿನಕಾಯಿ ಕೇಳಿದಳು. ಅಕ್ಕ ಆಗ ಅತ್ತಳು.

ಪರೀಕ್ಷೆ ತಪ್ಪಿತು, ಕಾಲೇಜಿನವರು ಆಮೇಲೆ ಬರೆಸಿಕೊಂಡರು. ಪರೀಕ್ಷೆಯ ನೆಪದಲ್ಲಿ ಜ್ವರ ಬಿಟ್ಟ ದಿನವೇ ಮಕ್ಕಳನ್ನು ಹಾಸ್ಟೆಲಿಗೋ ತರಗತಿಗೋ ಕಳಿಸುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಡೆಂಗ್ಯೂ ಇದ್ದಾಗ ಥರ್ಮಾಮೀಟರು ಇಳಿದ ಮೇಲೆ ಎರಡು ದಿನ ಕಣ್ಣಿಟ್ಟಿರಿ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ವಿಪರೀತ ಮಂಕು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು; ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಜ್ವರದ ನಡುವೆ ಬಂದ ಕೊಲೆಸ್ಟರಾಲ್ ಸಂಖ್ಯೆ ನೋಡಿ ಹಿರಿಯರು ತಮ್ಮ ಮಾತ್ರೆ ತಾವೇ ನಿಲ್ಲಿಸಬಾರದು. ನಿಜವಾದ ಸಂಖ್ಯೆ ಬೇಕಿದ್ದರೆ ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ವರದಿಯಲ್ಲಿ ಸಂಖ್ಯೆಯ ಪಕ್ಕ 'ಸಾಮಾನ್ಯ ಮಿತಿ' ಎಂದು ಅಚ್ಚು ಹಾಕಿರುತ್ತಾರೆ. ಅದು ಆರೋಗ್ಯವಂತರ ಮಿತಿ. ಕಾಯಿಲೆಯ ಎಷ್ಟನೇ ದಿನ, ನಿನ್ನೆ ಎಷ್ಟಿತ್ತು ಎಂದು ಕೇಳಿಕೊಂಡು ಓದಿದರೆ ಮಾತ್ರ ಅದರ ಅರ್ಥ ಬಿಡುತ್ತದೆ. ನಮ್ಮ ಹುಡುಗಿ ಈಗ ತನ್ನ ಆ ಐದು ದಿನಗಳ ವರದಿಗಳನ್ನು ಜೀವಶಾಸ್ತ್ರದ ನೋಟ್ ಪುಸ್ತಕದಲ್ಲಿ ದಿನವಾರು ಅಂಟಿಸಿಟ್ಟಿದ್ದಾಳೆ.