ಮಗನ ಕ್ಯಾಮೆರಾ, ನನ್ನ ಕುಕ್ಕರ್ ಗ್ಯಾಸ್ಕೆಟ್

“ಅಮ್ಮಾ, ಈ ಸಲ ಮುರುಡೇಶ್ವರಕ್ಕೆ ಹೋಗಿ ಸಮುದ್ರದೊಳಗೆ ಇಳಿದು ಮೀನಿನ ಫೋಟೋ ತೆಗೀತೀನಿ” ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿದ ದಿನ, ಒಲೆಯ ಮೇಲಿದ್ದ ಹುಳಿ ತಳ ಹಿಡಿದದ್ದೂ ನನಗೆ ಗೊತ್ತಾಗಲಿಲ್ಲ. ಅರಳಗುಪ್ಪೆಯ ತೆಂಗಿನ ತೋಟದಲ್ಲಿ ಬೆಳೆದ ಹುಡುಗನಿಗೆ ಇದೆಂಥ ಹುಚ್ಚು!

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನ ಮಗ ತೋಟದ ಬಾವಿಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಅಂದಿನಿಂದ ನೀರು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಮಗನನ್ನು ಬಾವಿಯ ಹತ್ತಿರಕ್ಕೂ ಬಿಡದೆ ಬೆಳೆಸಿದೆ. ಅವನು ನನಗೆ ಹೇಳದೆ ಬೆಂಗಳೂರಿನಲ್ಲಿ ಈಜು ಕಲಿತುಬಿಟ್ಟಿದ್ದ.

“ಬೇಡ ಕಣೋ” ಎಂದರೆ ಕೇಳುವ ವಯಸ್ಸೇ ಅದು? ಹೋಗಿಯೇ ಹೋದ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಮಳೆಗಾಲ ಕಳೆದ ಮೇಲೆ ಬೋಟಿನಲ್ಲಿ ಕರೆದುಕೊಂಡು ಹೋಗಿ, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿ ನೀರಿಗೆ ಇಳಿಸುತ್ತಾರಂತೆ.

ಮೊದಲ ಸಲ ತಂದ ಫೋಟೋಗಳೆಲ್ಲ ಬರೀ ನೀಲಿ. “ಕೆಂಪು ಮೀನು ಅಂದೆ, ಇದು ಬೂದಿ ಬಣ್ಣಕ್ಕಿದೆಯಲ್ಲೋ?” ಎಂದೆ. ಎರಡನೇ ಸಲ ನೀರು ತಾಗದಂತೆ ಇಡುವ ಪೆಟ್ಟಿಗೆಯೊಳಗೇ ನೀರು ನುಗ್ಗಿ, ಕ್ಯಾಮೆರಾ ಹಾಳಾಯಿತು. ಮೂರನೇ ಸಲ ವಾಪಸ್ಸು ಬರುವಾಗ ತಿಪಟೂರಿನ ದಾರಿಯಲ್ಲೇ ತಾನೆ ಎಂದು ನಾಲ್ಕು ಜನ ಜೊತೆಗಾರರನ್ನೂ ಮನೆಗೆ ಕರೆತಂದ.

ಊಟವಾದ ಮೇಲೆ ಜಗಲಿಯಲ್ಲಿ ಫೋಟೋ ಹರಡಿಕೊಂಡು ಕೂತರು. ನಾನು ಕಾಯಿ ತುರಿಯುತ್ತ ಕಿವಿ ಅಲ್ಲೇ ಇಟ್ಟೆ. ನೀರು ಮೊದಲು ಕೆಂಪು ಬಣ್ಣವನ್ನೇ ನುಂಗುತ್ತದಂತೆ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ, ಆಮೇಲೆ ಕಿತ್ತಳೆ, ಹಳದಿ, ಉಳಿಯುವುದು ನೀಲಿ. ಅದಕ್ಕೇ ಲೈಟು ಬೇಕು. ಮೀನಿಗೆ ಒಂದು ತೋಳಳತೆಯಷ್ಟು ಹತ್ತಿರವೂ ಹೋಗಬೇಕು. ನಡುವೆ ನೀರು ಕಡಿಮೆಯಾದಷ್ಟೂ ಬಣ್ಣ ಚೆನ್ನ. ಲೈಟನ್ನು ಕ್ಯಾಮೆರಾದ ಪಕ್ಕಕ್ಕೇ ಅಂಟಿಸಿ ಹಿಡಿದರೆ ನೀರಿನಲ್ಲಿರುವ ಧೂಳೆಲ್ಲ ಬೆಳ್ಳಗೆ ಹೊಳೆದು ಫೋಟೋ ಕೆಡುತ್ತದೆ, ದೂರ ಸರಿಸಿ ಓರೆಯಾಗಿ ಬಿಡಬೇಕು ಎಂದರು. ಕೊಬ್ಬರಿ ಅಟ್ಟದಲ್ಲಿ ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿದರೆ ಬರೀ ಧೂಳೇ ಕಾಣುತ್ತದಲ್ಲ, ಹಾಗೆ!

ಕ್ಯಾಮೆರಾ ಹಾಳಾದ ಮಾತು ಬಂತು. ಪೆಟ್ಟಿಗೆಯ ಬಾಯಿಗೆ ಒಂದು ರಬ್ಬರ್ ಬಳೆ ಇರುತ್ತದೆ. ನೋಡಿದರೆ ನಮ್ಮ ಕುಕ್ಕರ್ ಗ್ಯಾಸ್ಕೆಟ್ಟೇ! ಒಂದು ಅಗುಳು ಸಿಕ್ಕಿಕೊಂಡರೆ ಹಬೆ ಸೋರುವುದಿಲ್ಲವೆ? ಹಿಂದಿನ ಸಲ ಅವನು ಪೆಟ್ಟಿಗೆ ಮುಚ್ಚಿದ್ದು ಇದೇ ಜಗಲಿಯಲ್ಲಿ, ಪಕ್ಕದಲ್ಲಿ ಆಳು ಕಾಯಿ ಸುಲಿಯುತ್ತಿದ್ದ. ಒಂದೆಳೆ ನಾರು ಸಾಕಲ್ಲ! “ಕೊಬ್ಬರಿ ಎಣ್ಣೆ ಸವರಿ ಬಿಗಿ ಮಾಡೋದಲ್ವೇ?” ಎಂದೆ. ಎಲ್ಲರೂ ನಕ್ಕರು. ಕಂಪೆನಿಯವರು ಹೇಳಿದ ಗ್ರೀಸ್ ಮಾತ್ರ, ಅದೂ ತೆಳ್ಳಗೆ. ಮೊದಲು ಖಾಲಿ ಪೆಟ್ಟಿಗೆಯಲ್ಲಿ ಕಾಗದದ ಕರವಸ್ತ್ರ ಇಟ್ಟು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಬೇಕು. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಬಿಡಿಸಿ ಹೇಳಿದರು.

ಅಷ್ಟರಲ್ಲಿ ಅವರಲ್ಲಿ ಹೆಚ್ಚು ಪಳಗಿದ ಹುಡುಗಿ ನನ್ನ ಮಗನ ಕಡೆ ತಿರುಗಿ, “ಫೋಟೋ ಕೆಟ್ರೆ ಇನ್ನೊಂದು ತೆಗೀಬಹುದು. ನಿನ್ನೆ ಮೀನಿನ ಹಿಂದೆ ಬಿದ್ದು ಗಾಳಿಯ ಮೀಟರ್ ನೋಡೋದೇ ಮರೆತೆಯಲ್ಲ, ನಾನು ತೋರಿಸದಿದ್ರೆ?” ಎಂದಳು.

ನನ್ನ ಕೈ ತುರಿಮಣೆಯ ಮೇಲೇ ನಿಂತಿತು. ಮಗ ತಲೆ ತಗ್ಗಿಸಿದ. ನನಗೆ ಈ ವಿಷಯ ಅವನು ಹೇಳಿರಲೇ ಇಲ್ಲ. ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೇಳುವುದಾದರೂ ಹೇಗೆ? ಬಾಯಿ ತೆರೆದರೆ “ಬೇಡ” ಎನ್ನುವ ತಾಯಿಗೆ ಯಾವ ಮಗ ತಾನೇ ತಪ್ಪು ಒಪ್ಪಿಕೊಂಡಾನು?

ಹೊರಗೆ ಆ ಹುಡುಗಿ ಬಿಡದೆ ಹೇಳುತ್ತಿದ್ದಳು: “ಕೈ ಅಲುಗಬಾರದು ಅಂತ ಉಸಿರು ಬಿಗಿ ಹಿಡೀಬೇಡ. ಹಾಗೇ ಮೇಲೆ ಬಂದ್ರೆ ಎದೆಯೊಳಗಿನ ಗಾಳಿ ಹಿಗ್ಗಿ ಪ್ರಾಣಕ್ಕೇ ಸಂಚಕಾರ. ಜೊತೆಗಾರನ್ನ ಬಿಟ್ಟು ಹೋಗಬೇಡ. ಹವಳ ಕಲ್ಲಲ್ಲ, ಜೀವ ಇರೋದು, ಅದರ ಮೇಲೆ ಕೈ ಊರಬೇಡ. ಕ್ಯಾಮೆರಾ ಇಲ್ಲದೆ ಒಂದೇ ಕಡೆ ತೇಲಿ ನಿಲ್ಲೋದನ್ನ ಮೊದಲು ಕಲಿ, ಆಮೇಲೆ ಫೋಟೋ.” ಮಗ ಮರುಮಾತಾಡದೆ “ಆಯ್ತು” ಎಂದ. ನಾನು ಇಪ್ಪತ್ತು ವರ್ಷ ಹೆದರಿಸಿದರೂ ಅಷ್ಟು ವಿನಯದಿಂದ ಒಪ್ಪಿದವನಲ್ಲ!

ಹೊರಡುವಾಗ ಆ ಹುಡುಗಿಗೆ ಕುಂಕುಮ ಕೊಟ್ಟು, ಮಡಿಲಿಗೆ ಎರಡು ಉಂಡೆ ಕೊಬ್ಬರಿ ಹಾಕಿ, “ಹೀಗೇ ಬೈತಾ ಇರಮ್ಮ” ಎಂದೆ.

ಭಯ ಹೋಗಿದೆಯೆಂದು ಸುಳ್ಳು ಹೇಳಲಾರೆ. ಆದರೆ ಈಗ ಮಗ ಸಮುದ್ರಕ್ಕೆ ಹೊರಟರೆ “ಬೇಡ” ಎನ್ನುವುದಿಲ್ಲ. ವಾಪಸ್ಸು ಬಂದು ಫೋನು ಮಾಡಿದಾಗ “ಗಾಳಿ ಎಷ್ಟು ಉಳಿದಿತ್ತು?” ಎಂದು ಕೇಳುತ್ತೇನೆ. ಅವನೂ ಮುಚ್ಚಿಡದೆ ಹೇಳುತ್ತಾನೆ. ಸಹೋದರಿಯರೇ, ನಿಮ್ಮ ಮಕ್ಕಳೂ ಇಂಥ ಹುಚ್ಚು ಹಚ್ಚಿಕೊಂಡಿದ್ದರೆ, ಬೈಯುವ ಮೊದಲು ಅವರ ಜೊತೆಗಾರರನ್ನು ಒಂದು ದಿನ ಊಟಕ್ಕೆ ಕರೆಯಿರಿ.